ಖರಾಬು ಜಮೀನಿನ ಹಕ್ಕಿ

ಯುಗಾದಿ ಮತ್ತು ಈದ್ ಬೆನ್ನುಬೆನ್ನಿಗೆ ಬಂದು ಹೋಗಿದ್ದವು. ಬೇವು-ಬೆಲ್ಲದ ರುಚಿಯೂ ಶೀರ್‌ಖುರ್ಮಾದ ರುಚಿಯೂ ನಾಲಿಗೆಯ ಮೇಲೆ ಇನ್ನೂ ಉಳಿದಿದ್ದ ಒಂದು ಭಾನುವಾರ ನಸುಕಿನಲ್ಲಿ ನಾವು ನಾಲ್ವರು ಗೆಳೆಯರು ಹಾವೇರಿಯಿಂದ ಹೊರಟು ಹೊಸರಿತ್ತಿಯ ಬಳಿ ವರದಾ ನದಿಯ ದಂಡೆಯಲ್ಲಿ ನಿಂತಿದ್ದೆವು. ನಮ್ಮಲ್ಲಿ ಇಬ್ಬರು ಮಾಸ್ತರರು, ಒಬ್ಬರು ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟವರು, ಇನ್ನೊಬ್ಬರಿಗೆ ಕಥೆ ಬರೆಯುವ ಗೀಳು. ಹಕ್ಕಿ ನೋಡುವುದು ನಮ್ಮ ಉದ್ದೇಶ. ಹೊಸರಿತ್ತಿಯಿಂದ ಮೋಟೆಬೆನ್ನೂರು, ಬ್ಯಾಡಗಿ, ಅಲ್ಲಿಂದ ರಾಣೆಬೆನ್ನೂರಿನ ಕೃಷ್ಣಮೃಗ ಧಾಮ. ಒಂದು ಹಗಲಿನ ದಾರಿ. ಕೈಯಲ್ಲಿ ಎರವಲು ತಂದ ಒಂದು ದುರ್ಬೀನು, ಚೀಲದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಮತ್ತು ಸಲೀಂ ಅಲಿಯವರ ಹಳೆಯ ಪುಸ್ತಕದ ಒಂದು ಪ್ರತಿ.

ವಸಂತದಲ್ಲಿ ವರದೆ ಸೊರಗಿರುತ್ತಾಳೆ. ಸಾಗರದ ಬಳಿಯ ವರದಾಮೂಲದಲ್ಲಿ ಹುಟ್ಟಿ, ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುವ ಈ ನದಿ ಮಳೆಗಾಲದಲ್ಲಿ ಹೊಲಗಳಿಗೇ ನುಗ್ಗುವಂಥದ್ದು. ಮಾರ್ಚ್ ಮುಗಿಯುವ ಹೊತ್ತಿಗೆ ಅಲ್ಲೊಂದು ಮಡು, ಇಲ್ಲೊಂದು ಮಡು. ಮಡುವಿನ ಅಂಚಿನಲ್ಲಿ ಬೆಳ್ಳಕ್ಕಿಗಳು ತಪಸ್ಸಿಗೆ ನಿಂತಿದ್ದವು. ನಾವು ಎರಡು ಹೆಜ್ಜೆ ಇಟ್ಟರೆ ಸಾಕು, ಟಿಟ್ಟಿಭ ಊರಿಗೆಲ್ಲ ಕೇಳುವಂತೆ ಬೊಬ್ಬೆ ಹೊಡೆಯುತ್ತಿತ್ತು. ತಂತಿಯ ಮೇಲೆ ಕುಳಿತ ಕಳ್ಳಿಪೀರ ಹುಳ ಹಿಡಿದು ಮತ್ತೆ ಅದೇ ಜಾಗಕ್ಕೆ ಬಂದು ಕೂರುತ್ತಿತ್ತು. ಅದರ ಹೆಸರಿನಲ್ಲಿ ಪೀರ ಎಲ್ಲಿಂದ ಬಂದನೋ ಏನೋ, ಮೈಮೇಲೆ ಮಾತ್ರ ದರ್ಗಾದ ಚಾದರದಂಥ ಹಸಿರು!

ದಂಡೆಯ ಮೇಲಿನ ಮುತ್ತುಗದ ಮರ ಕೆಂಪಗೆ ಹೊತ್ತಿ ಉರಿಯುತ್ತಿತ್ತು. ಅದರ ತುಂಬ ಗುಲಾಬಿ ಕಬ್ಬಕ್ಕಿಗಳ ಗದ್ದಲ. ಹಳೆಯ ದಖ್ಖನಿ ಮನೆಗಳಲ್ಲಿ ಇವುಗಳಿಗೆ ತಿಲ್ಯರ್ ಎನ್ನುತ್ತಿದ್ದರು. ಚಳಿಗಾಲವನ್ನು ನಮ್ಮ ಜೋಳದ ಹೊಲಗಳಲ್ಲಿ ಕಳೆದು, ಏಪ್ರಿಲ್ ಹೊತ್ತಿಗೆ ಮಧ್ಯ ಏಷ್ಯಾದ ಹುಲ್ಲು ಬಯಲಿಗೆ ಮರಳುವ ಅತಿಥಿಗಳಿವು. ಅಲ್ಲಿ ಮಿಡತೆ ಏಳುವ ಕಾಲಕ್ಕೆ ಇವುಗಳ ಮರಿಗಳ ಬಾಯಿ ತೆರೆದಿರುತ್ತದೆ. ಪ್ರಯಾಣಕ್ಕೆ ಮುಂಚಿನ ಮದುವೆ ಊಟದಂತೆ ಅವು ಹೂವಿನ ರಸ ಹೀರುತ್ತಿದ್ದವು.

ನಮ್ಮ ಕಲಿಕೆಯ ವಿಚಿತ್ರವೊಂದು ಅಲ್ಲಿ ನೆನಪಾಯಿತು. ನಾವು ಮೊದಲು ಉರ್ದು ಶಾಲೆಯಲ್ಲಿ, ಆಮೇಲೆ ಕನ್ನಡ ಶಾಲೆಯಲ್ಲಿ ಓದಿದವರು. ಉರ್ದು ಪದ್ಯಗಳಲ್ಲಿ ಹೂವಿಗಾಗಿ ಅಳುವ ಬುಲ್‌ಬುಲ್ ನಮಗೆ ಬಾಯಿಪಾಠವಾಗಿತ್ತು. ಶಾಲೆಯ ಬೇಲಿಯ ಮೇಲೆ ಕೂರುತ್ತಿದ್ದ ಪಿಕಳಾರವನ್ನೂ ಅದೇ ಹೆಸರಿನಿಂದ ಕರೆಯುತ್ತಾರೆಂದು ತಿಳಿಯಲು ಎಷ್ಟೋ ವರ್ಷ ಬೇಕಾಯಿತು. ಇರಾನಿನ ಕವಿಗಳ ಬುಲ್‌ಬುಲ್ಲೇ ಬೇರೆ, ನಮ್ಮ ಬೇಲಿಯದೇ ಬೇರೆ ಎಂದು ತಿಳಿದದ್ದು ಇನ್ನೂ ತಡವಾಗಿ. ಸುಲೈಮಾನ್ ಪ್ರವಾದಿಗೆ ಸಬಾ ನಾಡಿನ ಸುದ್ದಿ ತಂದ ಹುದ್‌ಹುದ್ ನಮ್ಮ ಕಬರಸ್ತಾನದ ಹುಲ್ಲಿನಲ್ಲಿ ಹುಳ ಕುಕ್ಕುತ್ತಿದ್ದ ಚಂದ್ರಮುಕುಟವೇ ಎಂದು ಗೊತ್ತಾದಾಗ ಮಾತ್ರ ಖುಷಿಯಾಗಿತ್ತು. ಹೆಸರು ಒಂದು ಕಡೆ, ಹಕ್ಕಿ ಒಂದು ಕಡೆ. ಇವೆರಡನ್ನೂ ಕೂಡಿಸಲಿಕ್ಕೆಂದೇ ನಾವು ಅಂದು ಹೊರಟಿದ್ದೆವು. ಆದರೆ ದಾರಿಯುದ್ದಕ್ಕೂ ನಮ್ಮನ್ನು ಕಾಡಿದ್ದು ಹಕ್ಕಿಯ ಹೆಸರಲ್ಲ, ನೆಲದ ಹೆಸರು.

ಲಗಾನಿನ ಲೆಕ್ಕ

ಹೊಸರಿತ್ತಿಗೆ ಬಂದವರು ಹಕ್ಕಿಯನ್ನಷ್ಟೇ ನೋಡಿ ಹೋಗಲಾಗದು. 1943ರ ಏಪ್ರಿಲ್ 1ರಂದು, ಅಂದರೆ ಇಂಥದೇ ಬಿಸಿಲಿನ ದಿನಗಳಲ್ಲಿ, ಈ ಊರಿನಲ್ಲಿ ಮೂವರು ಪೊಲೀಸರ ಗುಂಡಿಗೆ ಬಲಿಯಾದರು: ಮೈಲಾರ ಮಹಾದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮಹಾದೇವಪ್ಪ 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದ ಕರ್ನಾಟಕದ ಏಕೈಕ ತರುಣ. ಆಗ ಅವರಿಗೆ ಇನ್ನೂ 19 ತುಂಬಿರಲಿಲ್ಲ. 1942ರ ಚಳವಳಿಯಲ್ಲಿ ಸರಕಾರದ ವಸೂಲಿ ವ್ಯವಸ್ಥೆಯನ್ನೇ ಮುರಿಯುವ ಪಣ ತೊಟ್ಟರು. ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಪೊಲೀಸರ ಕಾವಲಿನಲ್ಲಿ ಇಟ್ಟಿದ್ದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ ಗುಂಡು ಹಾರಿತು. ಇಂದು ಊರಿನಲ್ಲಿ ಗಾಂಧಿ ಗ್ರಾಮೀಣ ಗುರುಕುಲವಿದೆ, ಹಾವೇರಿಯಲ್ಲಿ ವೀರಸೌಧವಿದೆ. 2018ರಲ್ಲಿ ಮಹಾದೇವಪ್ಪನವರ ಅಂಚೆಚೀಟಿಯೂ ಬಂತು.

ಅವರು ಸಿಟ್ಟಾಗಿದ್ದು ಲಗಾನಿನ ಮೇಲೆ. ಲಗಾನು ಎಂದರೆ ಬರೀ ಹಣವಲ್ಲ, ನೆಲವನ್ನು ನೋಡುವ ಒಂದು ಕಣ್ಣು. ಈ ಸೀಮೆ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. 1840ರ ದಶಕದಲ್ಲಿ ಕ್ಯಾಪ್ಟನ್ ವಿಂಗೇಟ್ ಎಂಬ ಅಧಿಕಾರಿಯ ನೇತೃತ್ವದಲ್ಲಿ ಇಲ್ಲಿಯ ಹೊಲಗಳ ಸರ್ವೆ ನಡೆಯಿತು. ಮಣ್ಣಿನ ಬಣ್ಣ ಯಾವುದು, ಆಳ ಎಷ್ಟು ಎಂದು ನೋಡಿ, ಆಣೆಗಳ ಲೆಕ್ಕದಲ್ಲಿ ದರ್ಜೆ ಕಟ್ಟಿದರು. ಆಳವಾದ ಎರಿಭೂಮಿ ಹದಿನಾರಾಣೆಯ ಭೂಮಿಯಾಯಿತು. ಉಳುಮೆಗೆ ಬಾರದ ತುಣುಕುಗಳು ಕಾಗದದಲ್ಲಿ ‘ಖರಾಬು’ ಆದವು.

ಈ ಪದ ನಮ್ಮ ಮನೆಯದು. ಅರಬ್ಬಿಯಲ್ಲಿ ಖರಾಬ್ ಎಂದರೆ ಹಾಳು, ಪಾಳು. ಉರ್ದು ಕವಿಗಳು ಪಾಳುಬಿದ್ದ ಜಾಗವನ್ನು ಖರಾಬಾ ಎನ್ನುತ್ತಾರೆ, ಅಲ್ಲಿ ಗೂಬೆಯನ್ನು ಕೂರಿಸುತ್ತಾರೆ. ಬಿಜಾಪುರದ ಆದಿಲಶಾಹಿಗಳ, ಸವಣೂರು ನವಾಬರ ದಫ್ತರಗಳ ಮೂಲಕ ಜಮೀನು, ತಾಲ್ಲೂಕು, ಜಮಾಬಂದಿ, ಖುಷ್ಕಿ, ತರಿ, ಬಾಗಾಯ್ತು ಎಂಬ ಮಾತುಗಳು ಕನ್ನಡಕ್ಕೆ ಇಳಿದು, ಈಗ ಕನ್ನಡದವೇ ಆಗಿವೆ. ಬೇರೆ ಸಂದರ್ಭದಲ್ಲಾದರೆ ನಾವು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಎರಡು ಭಾಷೆಗಳು ಕೂಡಿ ಬಾಳಿದ್ದಕ್ಕೆ ಸಾಕ್ಷಿ ಎನ್ನುತ್ತೇವೆ. ಆದರೆ ಖರಾಬು ಎಂಬ ಈ ಒಂದು ಪದವನ್ನು ಹೇಳುವಾಗ ಮಾತ್ರ ಅಂದು ನಾಲಿಗೆ ತಡವರಿಸಿತು.

ಬ್ರಿಟಿಷರು ಹೋದರೂ ಲೆಕ್ಕದ ಪುಸ್ತಕ ಹೋಗಲಿಲ್ಲ. ಇಂದಿಗೂ ಯಾವ ರೈತರ ಪಹಣಿ ತೆಗೆದರೂ ಪೋಟ್ ಖರಾಬು ಎಂಬ ಕಾಲಂ ಇರುತ್ತದೆ, ಅದರಲ್ಲಿ ‘ಎ’ ಎಷ್ಟು ಗುಂಟೆ, ‘ಬಿ’ ಎಷ್ಟು ಗುಂಟೆ ಎಂದು ಬರೆದಿರುತ್ತದೆ. ಕಲ್ಲು, ಹಳ್ಳ, ಮುಳ್ಳು, ಹುಲ್ಲು ಎಲ್ಲವೂ ಅದರಲ್ಲಿ. ಬೆಳೆ ಕೊಡದ್ದು ಖರಾಬು. ಅಲ್ಲಿ ಯಾರಾದರೂ ಬದುಕಿದ್ದಾರೆಯೇ ಎಂದು ಕೇಳುವ ಕಾಲಂ ಆ ಪುಸ್ತಕದಲ್ಲಿ ಇರಲಿಲ್ಲ, ಈಗಲೂ ಇಲ್ಲ.

ಬ್ಯಾಡಗಿ ದಾರಿಯಲ್ಲಿ

ಮೋಟೆಬೆನ್ನೂರು ದಾಟಿ ಬ್ಯಾಡಗಿಯ ಕಡೆ ತಿರುಗಿದಾಗ ಗಾಳಿಯಲ್ಲಿ ಘಾಟು. ಬಣ್ಣಕ್ಕೆ ಹೆಸರಾದ, ಖಾರ ಕಡಿಮೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಪೇಟೆಯ ಹಂಗಾಮು ಇನ್ನೂ ಮುಗಿದಿರಲಿಲ್ಲ. ರಸ್ತೆಯ ಬದಿಯ ಕಣಗಳಲ್ಲಿ ಕೆಂಪು ಹಾಸು ಹಾಸಿದಂತಿತ್ತು. ತಂತಿಯ ಮೇಲಿನ ನೀಲಕಂಠ ಒಮ್ಮೆ ರೆಕ್ಕೆ ಬಿಚ್ಚಿ ಆ ಕೆಂಪಿನ ಮೇಲೆ ನೀಲಿ ಚೆಲ್ಲಿಹೋಯಿತು. ನಮ್ಮ ರಾಜ್ಯದ ಹಕ್ಕಿಯನ್ನು ಇಷ್ಟು ಹತ್ತಿರದಿಂದ ನೋಡಿದ್ದು ನಮ್ಮಲ್ಲಿ ಇಬ್ಬರಿಗೆ ಇದೇ ಮೊದಲು.

ನಮ್ಮ ದಲಾಲಿ ಗೆಳೆಯರ ಹೊಲ ಆ ದಾರಿಯಲ್ಲೇ ಇತ್ತು. ಎಂಟೆಕರೆಯ ಪಟ್ಟಿ. ಅದರ ಮೂಲೆಯಲ್ಲಿ ಒಂದೆಕರೆಗೆ ಸ್ವಲ್ಪ ಕಡಿಮೆ ಗೊರಜು ನೆಲ, ಒಣ ಹುಲ್ಲು, ನಾಲ್ಕು ಜಾಲಿ ಗಿಡ. "ಇದು ನೋಡ್ರಿ ನಮ್ಮ ಖರಾಬು. ಈ ಬ್ಯಾಸಿಗ್ಯಾಗ ಜೇಸಿಬಿ ಹಚ್ಚಿ ಸಪಾಟ್ ಮಾಡಿಸಿ, ಮಳಿ ಬಿದ್ದ ಕೂಡಲೆ ಗೋವಿನಜೋಳ ಹಾಕಬೇಕಂತ ಮಾಡೇನಿ" ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನಿದೆ? ಈ ಜಿಲ್ಲೆಯಲ್ಲಿ ಈಗ ಎತ್ತ ನೋಡಿದರೂ ಗೋವಿನಜೋಳ ಮತ್ತು ಹತ್ತಿ. ಒಂದೆಕರೆ ಹೆಚ್ಚಾದರೆ ಒಂದೆಕರೆಯ ಹಣ.

ನಾವು ಬೇವಿನ ನೆರಳಿನಲ್ಲಿ ಕುಳಿತು ರೊಟ್ಟಿ ಬಿಚ್ಚಿದೆವು. ಊಟದ ನಡುವೆ ಆ ಮೂಲೆಯಿಂದ ಒಂದು ಸಣ್ಣ ಹಕ್ಕಿ ನೆಟ್ಟಗೆ ಮೇಲಕ್ಕೆ ಏರಿತು. ಏರುತ್ತ ಏರುತ್ತ ಹಾಡಿತು. ಕಣ್ಣಿಗೆ ಚುಕ್ಕೆಯಾಗುವಷ್ಟು ಮೇಲೆ ಹೋಗಿ ಕಲ್ಲಿನಂತೆ ಕೆಳಗಿಳಿದು ಹುಲ್ಲಿನಲ್ಲಿ ಮಾಯವಾಯಿತು. ಬಾನಾಡಿ. ಗೌಜಲಹಕ್ಕಿಯೊಂದು ಜಾಲಿಯ ಬುಡದಿಂದ ಕೂಗಿತು. ಎಂಟೆಕರೆಯ ಉತ್ತ ಹೊಲದಲ್ಲಿ ಆ ಹೊತ್ತಿಗೆ ನಮಗೆ ಬೇರೆ ಯಾವ ಹಕ್ಕಿಯೂ ಕಾಣಲಿಲ್ಲ. ಗೆಳೆಯರು ದುರ್ಬೀನು ಇಸಿದುಕೊಂಡು ಬಹಳ ಹೊತ್ತು ತಮ್ಮ ಖರಾಬನ್ನೇ ನೋಡಿದರು. ಏನೂ ಹೇಳಲಿಲ್ಲ.

ಎರಭೂತದ ಬಯಲು

ರಾಣೆಬೆನ್ನೂರು ಕೃಷ್ಣಮೃಗ ಧಾಮ 1974ರಲ್ಲಿ ಘೋಷಣೆಯಾಯಿತು. ವಿಸ್ತೀರ್ಣ 119 ಚದರ ಕಿಲೋಮೀಟರ್. ಹುಣಸಿಕಟ್ಟಿಯ ಕಡೆ ನಾವು ತಲುಪಿದಾಗ ಇಳಿಹೊತ್ತಿನ ಬಿಸಿಲು. ಸಾಲು ಸಾಲು ನೀಲಗಿರಿ ಮರಗಳು, ಅವುಗಳ ನಡುವೆ ಕುರುಚಲು. ಒಂದು ಗಂಡು ಚಿಗರಿ ತಿರುಚಿದ ಕೊಂಬು ಹೊತ್ತು ಮರದ ಸಾಲಿನಿಂದ ಹೊರಬಂದು ನಮ್ಮನ್ನು ದಿಟ್ಟಿಸಿತು. ಅದರ ಹಿಂದೆ ಹೆಣ್ಣುಗಳ ಹಿಂಡು ಒಂದರ ಹಿಂದೊಂದು ಗಾಳಿಯಲ್ಲಿ ಚಿಮ್ಮಿ ಹೋಯಿತು. ಆ ನೆಗೆತವನ್ನು ನೋಡಿದರೆ ಇಷ್ಟು ದೂರ ಬಂದದ್ದು ಸಾರ್ಥಕ ಎನಿಸುತ್ತದೆ.

ಆದರೆ ಈ ಧಾಮದ ಕೀರ್ತಿ ಒಂದು ಕಾಲಕ್ಕೆ ಚಿಗರಿಯಿಂದ ಮಾತ್ರ ಇರಲಿಲ್ಲ. ಇಲ್ಲಿ ಇನ್ನೊಬ್ಬ ನಿವಾಸಿ ಇದ್ದ. ಇಂಗ್ಲಿಷ್‌ನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್, ಕನ್ನಡದಲ್ಲಿ ಎರ್ಲಡ್ಡು, ಎರಭೂತ, ದೊರವಾಯನ ಹಕ್ಕಿ. ಉರ್ದು-ಹಿಂದಿಯಲ್ಲಿ ತುಗ್ದಾರ್, ಹುಕ್ನಾ. ಹುಕ್ ಎಂದು ಕೂಗುವುದರಿಂದ ಹುಕ್ನಾ. ಹಾರಬಲ್ಲ ಹಕ್ಕಿಗಳಲ್ಲಿ ಇದು ಅತಿ ಭಾರದ್ದರ ಸಾಲಿಗೆ ಸೇರಿದ್ದು. ಗಂಡು ಹದಿನೈದು ಕಿಲೋವರೆಗೂ ತೂಗುತ್ತದೆ, ನಿಂತರೆ ಸುಮಾರು ಒಂದು ಮೀಟರ್ ಎತ್ತರ. ಮರದ ಮೇಲೆ ಕೂರುವುದಿಲ್ಲ, ಗೂಡು ಕಟ್ಟುವುದಿಲ್ಲ. ಬಯಲಿನ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಮಿಡತೆ, ಜೀರುಂಡೆ, ಹಲ್ಲಿ, ಕಾಳು, ಬೋರೆಹಣ್ಣು ಇದರ ಆಹಾರ. ದೂರದವರೆಗೂ ಕಾಣುವ ಬಯಲು ಇದ್ದರೆ ಮಾತ್ರ ಇದಕ್ಕೆ ನೆಮ್ಮದಿ. ಏಕೆಂದರೆ ವೈರಿ ಬರುವುದು ದೂರದಿಂದಲೇ ಕಾಣಬೇಕು.

ಈ ಹಕ್ಕಿಯನ್ನು ಯಾರೂ ಬಿಟ್ಟಿಲ್ಲ. ಬಾಬರ್ ತನ್ನ ಆತ್ಮಕಥೆಯಲ್ಲಿ ಇದರ ಮಾಂಸದ ರುಚಿಯನ್ನು ಬಾಯಿ ಚಪ್ಪರಿಸಿ ಬರೆದಿದ್ದಾನೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಮ್ಯಾನ್ಸ್‌ಫೀಲ್ಡ್ ಎಂಬ ಇಂಗ್ಲಿಷ್ ಬೇಟೆಗಾರ ಅಹಮದ್‌ನಗರ ಸೀಮೆಯಲ್ಲಿ ಸುಮಾರು ಇಪ್ಪತ್ತು ವರ್ಷಗಳಲ್ಲಿ 961 ಎರ್ಲಡ್ಡುಗಳನ್ನು ಹೊಡೆದ ಲೆಕ್ಕ ಇಟ್ಟಿದ್ದ. ಬಾದಶಹನ ನಾಲಿಗೆ, ಸಾಹೇಬನ ಬಂದೂಕು ಎರಡಕ್ಕೂ ಸಾಕಷ್ಟು ಬಲಿಯಾದರೂ ಹಕ್ಕಿ ಬದುಕಿ ಉಳಿದಿತ್ತು. ಬಯಲು ಇನ್ನೂ ಉಳಿದಿದ್ದುದರಿಂದ ಅದಕ್ಕೆ ಮರಿ ಮಾಡಲು ಜಾಗವಿತ್ತು.

ಇದರ ಪರ ಮೊದಲು ಗಟ್ಟಿಯಾಗಿ ದನಿ ಎತ್ತಿದವರಲ್ಲಿ ಸಲೀಂ ಅಲಿ ಪ್ರಮುಖರು. 1896ರಲ್ಲಿ ಮುಂಬಯಿಯ ಬೋಹ್ರಾ ಮನೆತನದಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅನಾಥರಾಗಿ, ಬೇಟೆಯ ಹುಚ್ಚಿನ ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿಯವರ ಮನೆಯಲ್ಲಿ ಬೆಳೆದವರು. ಏರ್‌ಗನ್ನಿನಿಂದ ಹೊಡೆದ ಗುಬ್ಬಿಯ ಕುತ್ತಿಗೆ ಹಳದಿಯಾಗಿದ್ದನ್ನು ಕಂಡು, ಅದೇನೆಂದು ಕೇಳಲು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಬಾಗಿಲು ತಟ್ಟಿದ ಹುಡುಗ ಮುಂದೆ ಇಡೀ ದೇಶಕ್ಕೆ ಹಕ್ಕಿ ನೋಡುವುದನ್ನು ಕಲಿಸಿದರು. 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದವರೂ ಅವರೇ. ರಾಷ್ಟ್ರಪಕ್ಷಿ ಯಾವುದಾಗಬೇಕೆಂಬ ಚರ್ಚೆ ಬಂದಾಗ ಅವರು ಎರ್ಲಡ್ಡುವಿನ ಹೆಸರು ಹೇಳಿದರು. 1963ರಲ್ಲಿ ಆ ಪಟ್ಟ ನವಿಲಿಗೆ ಹೋಯಿತು. ಬಸ್ಟರ್ಡ್ ಎಂಬ ಹೆಸರನ್ನು ಬರೆಯುವಾಗ ಒಂದಕ್ಷರ ತಪ್ಪಿದರೆ ಬೈಗುಳವಾಗುತ್ತದೆಂಬ ಅಂಜಿಕೆಯೂ ಕಾರಣವಾಗಿತ್ತು ಎಂಬ ಮಾತಿದೆ. ಹೆಸರು ಹಕ್ಕಿಯ ಹಣೆಬರಹ ಬದಲಿಸುವುದೆಂದರೆ ಇದೇ ಇರಬೇಕು! ನವಿಲಿಗೆ ನಮ್ಮ ಜಿಲ್ಲೆಯಲ್ಲೇ ಕೋಟೆ ಇದೆ. ಬಂಕಾಪುರದ 139 ಎಕರೆಯ ಹಳೆಯ ಕೋಟೆಯನ್ನು 2006ರಲ್ಲಿ ನವಿಲುಧಾಮ ಮಾಡಲಾಗಿದೆ. ಎರ್ಲಡ್ಡುವಿಗೆ ಕೋಟೆ ಬೇಕಿರಲಿಲ್ಲ, ಬಯಲು ಬೇಕಿತ್ತು.

ಆ ಬಯಲಿನ ಮೇಲೆ 1950ರ ದಶಕದ ನಂತರ ನೀಲಗಿರಿ ಬಂತು. ಈ ಮರದ ಕಥೆಯೂ ಸ್ವಾರಸ್ಯದ್ದೇ. ಆಸ್ಟ್ರೇಲಿಯಾದ ಈ ಮರವನ್ನು 1790ರ ಸುಮಾರಿಗೆ ನಂದಿಬೆಟ್ಟದ ತೋಟದಲ್ಲಿ ಮೊದಲು ಬೆಳೆಸಿದವನು ಟಿಪ್ಪು ಸುಲ್ತಾನ್ ಎಂದು ಅರಣ್ಯ ಇತಿಹಾಸದ ಪುಸ್ತಕಗಳು ಹೇಳುತ್ತವೆ. ನಂದಿಬೆಟ್ಟದ ಮರಗಳ ಸಂತತಿಯೇ ಮುಂದೆ ‘ಮೈಸೂರು ಹೈಬ್ರಿಡ್’ ಎಂಬ ಹೆಸರಿನಲ್ಲಿ ದೇಶವೆಲ್ಲ ಹಬ್ಬಿತು. ಕುತೂಹಲದಿಂದ ತೋಟದಲ್ಲಿ ನೆಟ್ಟ ಹತ್ತಾರು ಮರ ಬೇರೆ, ಸಾವಿರಾರು ಎಕರೆಯಲ್ಲಿ ಅದೊಂದನ್ನೇ ನೆಡುವುದು ಬೇರೆ.

ರಾಣೆಬೆನ್ನೂರಿನಲ್ಲಿ ನೀಲಗಿರಿ ನೆಟ್ಟವರು ಕೇಡು ಬಯಸಿದವರಲ್ಲ. ಬೋಳು ನೆಲ ಹಸಿರಾಗಲಿ, ಊರಿಗೆ ಸೌದೆ ಸಿಗಲಿ ಎಂದು ನೆಟ್ಟರು. ಮೊದಮೊದಲು ಒಳ್ಳೆಯದೂ ಆಯಿತು. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಇಲ್ಲಿಯ ನೆಡುತೋಪಿನ ಪರಿಣಾಮಗಳನ್ನು ಅಧ್ಯಯನ ಮಾಡಿ ಬರೆದರು. ಕೊಕ್ಕರೆ ಬೆಳ್ಳೂರನ್ನು ಲೋಕಕ್ಕೆ ತೋರಿಸಿದ, ಬೆಂಗಳೂರಿನಲ್ಲಿ ಲಕ್ಷಾಂತರ ಮರ ಬೆಳೆಸಿದ ಅಧಿಕಾರಿ ಅವರು. ಎಳೆಯ ನೀಲಗಿರಿಯ ಮರೆ ಸಿಕ್ಕು, ಕಾವಲೂ ಇದ್ದುದರಿಂದ ಚಿಗರಿಗಳು ಹೆಚ್ಚಿದವು. ಆದರೆ ಸಸಿ ಮರವಾಯಿತು, ಮರ ತೋಪಾಯಿತು. ಬಯಲು ಕಾಣದಾಯಿತು. ಬುಡದಲ್ಲಿ ಹುಲ್ಲು ತೆಳುವಾಯಿತು. ದೂರ ನೋಡಬೇಕಾದ ಹಕ್ಕಿಯ ಕಣ್ಣಿಗೆ ಗೋಡೆ ಎದ್ದಂತಾಯಿತು. 1980ರ ದಶಕದವರೆಗೂ ದೇಶದ ಎರ್ಲಡ್ಡು ನೆಲೆಗಳ ಪಟ್ಟಿಯಲ್ಲಿ ರಾಣೆಬೆನ್ನೂರಿನ ಹೆಸರಿತ್ತು. ಈಗ ಇಲ್ಲಿ ಅದು ಇಲ್ಲ. ಹುಲ್ಲು ಸಾಲದ ಚಿಗರಿಗಳು ರಾತ್ರಿ ಗೋವಿನಜೋಳದ ಹೊಲಗಳಿಗೆ ನುಗ್ಗುತ್ತವೆ. ಬೆಳೆ ಕಾಯಲು ನಿದ್ದೆಗೆಟ್ಟು ಕೂರುವ ರೈತನಿಗೆ ಚಿಗರಿಯ ಚೆಲುವಿನ ಬಗ್ಗೆ ಹೇಳಹೊರಟರೆ ಅವನು ಸಿಟ್ಟಾದರೆ ತಪ್ಪೇನು?

ಕೀಳುವುದೂ ನೆಡುವುದೂ

ರಾಣೆಬೆನ್ನೂರು ತಾಲ್ಲೂಕಿನದೇ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯಲ್ಲಿ, ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ಇದೆ. ನೀಲಗಿರಿಯಂಥ ಮರದ ತಿರುಳಿನಿಂದ ಬಟ್ಟೆಯ ನೂಲಿಗೆ ಬೇಕಾದ ಕಚ್ಚಾವಸ್ತು ತಯಾರಾಗುವ ಜಾಗ. 1984ರಲ್ಲಿ ರಾಜ್ಯ ಸರಕಾರ ಮತ್ತು ಈ ಕಂಪನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಕಟ್ಟಿದವು. ಸರಕಾರದ ಪಾಲು 51, ಕಂಪನಿಯದು 49. ಧಾರವಾಡವೂ ಸೇರಿ ಹಲವು ಜಿಲ್ಲೆಗಳ ಸುಮಾರು 30 ಸಾವಿರ ಹೆಕ್ಟೇರ್ ‘ಸಿ’ ಮತ್ತು ‘ಡಿ’ ದರ್ಜೆಯ ಜಮೀನನ್ನು 40 ವರ್ಷಗಳ ಗೇಣಿಗೆ ಕೊಟ್ಟು ಅಲ್ಲೆಲ್ಲ ನೀಲಗಿರಿ ಬೆಳೆಯುವ ಯೋಜನೆ. ಮರುವರ್ಷ, 1985ರಲ್ಲಿ, ದೆಹಲಿಯಲ್ಲಿ ರಾಷ್ಟ್ರೀಯ ಬಂಜರು ಭೂಮಿ ಅಭಿವೃದ್ಧಿ ಮಂಡಳಿಯೂ ಹುಟ್ಟಿತು. ಖರಾಬು, ಬಂಜರು, ಸಿ ದರ್ಜೆ, ಡಿ ದರ್ಜೆ. ಹೆಸರು ಬದಲಾಗುತ್ತ ಹೋದರೂ ಅರ್ಥ ಒಂದೇ: ಇಲ್ಲಿ ಯಾರೂ ಇಲ್ಲ, ಏನೂ ಇಲ್ಲ, ಬೇಕಾದ್ದು ಮಾಡಬಹುದು.

ಅಲ್ಲಿ ಜನ ಇದ್ದರು. ಆ ನೆಲದಲ್ಲಿ ದನ ಮೇಯುತ್ತಿದ್ದವು, ಹೆಂಗಸರು ಪುಳ್ಳೆ ಆರಿಸುತ್ತಿದ್ದರು, ಕಾರೆ-ಬೋರೆ ಹಣ್ಣು ಮಕ್ಕಳ ಪಾಲಾಗುತ್ತಿತ್ತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಶಿವರಾಮ ಕಾರಂತರು ಮತ್ತು ಇತರರು ಸುಪ್ರೀಂ ಕೋರ್ಟಿಗೆ ಹೋದರು. 1987ರ ಮಾರ್ಚಿನಲ್ಲಿ ತಡೆಯಾಜ್ಞೆ ಬಂತು. ಅದೇ ವರ್ಷ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು ಊರಿಗೆ ಬೇಕಾದ ಮರಗಳ ಸಸಿ ಹಚ್ಚಿದರು. 1991ರಲ್ಲಿ ಆ ಜಂಟಿ ಸಂಸ್ಥೆಯನ್ನು ಮುಚ್ಚುವ ತೀರ್ಮಾನವಾಯಿತು. 2017ರಲ್ಲಿ ರಾಜ್ಯ ಸರಕಾರವೇ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿ ಆದೇಶ ಹೊರಡಿಸಿತು. ಹೊಸರಿತ್ತಿಯ ಗುಂಡಿನ ಸದ್ದಿಗೂ ಕುಸನೂರಿನ ಗುದ್ದಲಿಯ ಸದ್ದಿಗೂ ನಡುವೆ 44 ವರ್ಷ. ಒಂದೇ ಸೀಮೆಯ ಜನ, ನೆಲ ಯಾರದು ಎಂಬ ಒಂದೇ ಪ್ರಶ್ನೆಯನ್ನು ಎರಡು ಸಲ ಕೇಳಿದರು.

ಅದು ಮುಖ್ಯವಾಗಿ ಮೇವು, ಸೌದೆ, ಬದುಕಿನ ಹೋರಾಟವಾಗಿತ್ತು. ಅದು ಹಾಗೆಯೇ ಇರಬೇಕಿತ್ತು. ಆದರೂ ಹಿಂದಿರುಗಿ ನೋಡಿದಾಗ ಒಂದು ಮಾತು ಹೊಳೆಯುತ್ತದೆ. ಮೇವು ಕೇಳಿದ ರೈತ ಮತ್ತು ಮಿಡತೆ ಹುಡುಕಿದ ಎರ್ಲಡ್ಡು ಒಂದೇ ನೆಲದ ಪಾಲುದಾರರು. ಆಕಳು, ಕುರಿ ಹದವಾಗಿ ಮೇಯ್ದ ಬಯಲಿನಲ್ಲಿ ಆ ಹಕ್ಕಿ ಬಾಳಿತ್ತು. ಜನರ ಹುಲ್ಲು ಹೋದಾಗಲೇ ಹಕ್ಕಿಯ ಹುಲ್ಲೂ ಹೋಯಿತು.

ನಮ್ಮ ಕೈಯೂ ಇದರಲ್ಲಿದೆ, ಹೇಳದೆ ಹೋದರೆ ತಪ್ಪಾಗುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ಶಾಲೆಯ ವನಮಹೋತ್ಸವಕ್ಕೆ ಲಾರಿಯಲ್ಲಿ ಸಸಿಗಳು ಬಂದಿದ್ದವು. ಕಪ್ಪು ಪ್ಲಾಸ್ಟಿಕ್ ಪಾಕೀಟಿನಲ್ಲಿ ನೀಲಗಿರಿ. ಊರ ಹೊರಗಿನ ಗಾಯರಾಣದಲ್ಲಿ ನಾವು ಮಕ್ಕಳು ಸಾಲು ಹಿಡಿದು ಗುಣಿ ತೋಡಿ ನೆಟ್ಟೆವು. ಗುಣಿ ತೋಡುವಾಗ ಟಿಟ್ಟಿಭವೊಂದು ತಲೆಯ ಮೇಲೆ ಹಾರಾಡಿ ಕಿರುಚಿತ್ತು. ಅದರ ಮೊಟ್ಟೆ ಅಲ್ಲೇ ಎಲ್ಲೋ ಇದ್ದಿರಬೇಕು. ನಾವು ಕಲ್ಲು ಬೀಸಿ ಅದನ್ನು ಓಡಿಸಿದೆವು. ಸಂಜೆ ಪೆಪ್ಪರಮೆಂಟು ಕೊಟ್ಟರು. ಒಳ್ಳೆಯ ಕೆಲಸ ಮಾಡಿದ ಸಂತೋಷದಲ್ಲಿ ಮನೆಗೆ ಬಂದೆವು.

ಬಯಲು ಹೋದ ಕಡೆ

ಧಾಮದ ಅಂಚಿನಲ್ಲಿ ಕುರಿ ಹೊಡೆದುಕೊಂಡು ಹೊರಟಿದ್ದ ಒಬ್ಬ ಅಜ್ಜ ಸಿಕ್ಕರು. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಗಳೆ. ಎಂಬತ್ತರ ಹತ್ತಿರ ಇರಬೇಕು. ನಾವು ಸಲೀಂ ಅಲಿಯವರ ಪುಸ್ತಕದ ಚಿತ್ರ ತೋರಿಸಿ ಕೇಳಿದೆವು.

"ಅಜ್ಜಾರ, ಈ ಹಕ್ಕಿ ನೋಡೀರೇನು?"

ಅವರು ಪುಸ್ತಕವನ್ನು ದೂರ ಹಿಡಿದು ನೋಡಿ ನಕ್ಕರು. "ಎರಭೂತ ಅಲ್ಲೇನ್ರಿ ಸಾಹೇಬ್ರ ಇದು? ನಾವು ಸಣ್ಣವರಿದ್ದಾಗ ಭಾಳ ನೋಡೇವಿ. ದೂರಿಂದ ನೋಡಿದ್ರ ಯಾವನೋ ಕಂಬಳಿ ಹೊತಗೊಂಡು ನಿಂತಾನೇನೋ ಅನ್ನೂಹಂಗ ಇರತಿತ್ತು. ಕುರಿಗಳ ಜೋಡಿನೂ ಅಡ್ಡಾಡತಿತ್ತು."

"ಈಗ ಎಲ್ಲಿಗೆ ಹೋತು?"

"ನೀಲಗಿರಿ ಎತ್ತರಾದ ಮ್ಯಾಲ ಕಾಣಲಿಲ್ಲ. ಬಯಲು ಎಲ್ಲಿಗೆ ಹೋತೋ ಅದೂ ಅಲ್ಲಿಗೇ ಹೋಗಿರಬೇಕ ನೋಡ್ರಿ. ನಮ್ಮ ಕುರಿಗೂ ಈಗ ಜಾಗಿಲ್ಲ."

ಬಯಲು ಹೋದ ಕಡೆ ನಿಜವಾಗಿಯೂ ಕೆಲವು ಉಳಿದಿವೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಬಯಲಿನಲ್ಲಿ ಬೆರಳಲ್ಲಿ ಎಣಿಸುವಷ್ಟು. ದೇಶದ ಒಟ್ಟು ಎರ್ಲಡ್ಡುಗಳಲ್ಲಿ ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಸೀಮೆಯಲ್ಲಿವೆ, ಕಾಡಿನಲ್ಲಿರುವವು ಎಲ್ಲ ಸೇರಿದರೂ ಸುಮಾರು ನೂರೈವತ್ತು ಎನ್ನುತ್ತಾರೆ. 2011ರಿಂದ ಇದು ಅಳಿವಿನ ಕಟ್ಟಂಚಿನ ಹಕ್ಕಿಗಳ ಪಟ್ಟಿಯಲ್ಲಿದೆ. ಜೈಸಲ್ಮೇರ್ ಬಳಿ 2019ರಿಂದ ಮೊಟ್ಟೆಗಳನ್ನು ತಂದು ಮರಿ ಮಾಡಿಸುವ ಕೇಂದ್ರ ನಡೆಯುತ್ತಿದೆ. 2024ರಲ್ಲಿ ಅಲ್ಲಿ ಕೃತಕ ಗರ್ಭಧಾರಣೆಯಿಂದ ಮೊದಲ ಮರಿ ಹುಟ್ಟಿತು. ಈಗಿನ ದೊಡ್ಡ ಶತ್ರು ವಿದ್ಯುತ್ ತಂತಿ. ಈ ಹಕ್ಕಿಗೆ ಎದುರಿನದು ಸರಿಯಾಗಿ ಕಾಣುವುದಿಲ್ಲ, ಮೈ ಭಾರ, ತಂತಿ ಕಂಡಾಗ ತಿರುಗಲು ಸಮಯ ಸಾಲದು. ಬಿಸಿಲಿನಿಂದ, ಗಾಳಿಯಿಂದ ವಿದ್ಯುತ್ ತೆಗೆಯುವ ಕಂಪನಿಗಳಿಗೂ ಅಗ್ಗಕ್ಕೆ ಸಿಗುವುದು ಅದೇ ‘ಖಾಲಿ’ ಬಯಲು. ತಂತಿಗಳನ್ನು ನೆಲದಡಿಗೆ ಒಯ್ಯಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಆದೇಶಿಸಿ, 2024ರಲ್ಲಿ ಅದನ್ನು ಸಡಿಲಿಸಿ, ತಜ್ಞರ ಸಮಿತಿ ಮಾಡಿತು. ಅಂದು ಹಸಿರಿಗಾಗಿ ಮರ ನೆಟ್ಟರು, ಇಂದು ಹಸಿರಿಗಾಗಿಯೇ ತಂತಿ ಎಳೆಯುತ್ತಿದ್ದಾರೆ. ಎರಡರ ಉದ್ದೇಶವೂ ಒಳ್ಳೆಯದೇ. ಬಯಲನ್ನು ಖಾಲಿ ಎಂದು ನೋಡುವ ಕಣ್ಣು ಮಾತ್ರ ಬದಲಾಗಿಲ್ಲ.

ಮರ ಇದ್ದರಷ್ಟೇ ಪ್ರಕೃತಿ ಎಂದು ನಾವು ಕಲಿತಿದ್ದೇವೆ, ಮಕ್ಕಳಿಗೂ ಅದನ್ನೇ ಕಲಿಸುತ್ತಿದ್ದೇವೆ. ಹುಲ್ಲೂ ಪ್ರಕೃತಿ, ಕಲ್ಲುಗೊರಜೂ ಪ್ರಕೃತಿ. ಮುಂದಿನ ವನಮಹೋತ್ಸವದಲ್ಲಿ ಎಲ್ಲಿ ನೆಡಬೇಕು ಎಂಬುದರ ಜೊತೆಗೆ ಎಲ್ಲಿ ನೆಡಬಾರದು ಎಂಬುದನ್ನೂ ನಮ್ಮ ಶಾಲೆಗಳಲ್ಲಿ ಹೇಳಿಕೊಡಬೇಕಾಗಿದೆ. ನಮ್ಮ ಜೊತೆಗಿದ್ದ ಮಾಸ್ತರರಿಬ್ಬರೂ ಈ ಮಾತನ್ನು ಒಪ್ಪಿದರು.

ಮಗ್ರಿಬ್ ಹೊತ್ತಿಗೆ ಹೆದ್ದಾರಿಗೆ ಬಂದೆವು. ಅಂದು ಬೆಳಗಿನಿಂದ ನಾವು ಬರೆದಿಟ್ಟ ಹಕ್ಕಿಗಳ ಪಟ್ಟಿಯಲ್ಲಿ 41 ಹೆಸರುಗಳಿದ್ದವು. ಎರಭೂತ ಇರಲಿಲ್ಲ, ಇರಲೂ ಸಾಧ್ಯವಿರಲಿಲ್ಲ. ಬ್ಯಾಡಗಿ ತಿರುವಿನಲ್ಲಿ ಇಳಿಯುವಾಗ ದಲಾಲಿ ಗೆಳೆಯರು ಕಾರಿನ ಬಾಗಿಲು ಹಿಡಿದು ಒಂದು ಕ್ಷಣ ನಿಂತರು.

"ಮಧ್ಯಾಹ್ನ ಮ್ಯಾಲ ಹಾರಿತಲ್ಲ, ಆ ಸಣ್ಣ ಹಕ್ಕಿ. ಅದು ಮರಿ ಮಾಡೂದು ಯಾವ ತಿಂಗಳ್ರಿ?"

ಬೇಸಿಗೆಯಲ್ಲೂ ಮಾಡುತ್ತದೆ, ಮಳೆ ಬಿದ್ದ ಮೇಲೂ ಮಾಡುತ್ತದೆ ಎಂದೆವು.

"ಹಂಗಾರ ಈ ವರ್ಷ ಜೇಸಿಬಿ ಬ್ಯಾಡ ಬಿಡ್ರಿ. ಬರೂ ವರ್ಷದ್ದು ಈಗ ಹೇಳಾಕ ಆಗೂದಿಲ್ಲ" ಎಂದು ಮನೆಯ ಕಡೆ ನಡೆದರು.